ನಿಯತ್ತು ಆಟಗಾರನಿಗೆ ಮಾತ್ರವೇ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಬಗ್ಗೆ ಒಂದು ದೂರು ಹಳೆಯದು: ಆಟಗಾರರಿಗೆ ಈಗ ನಿಯತ್ತಿಲ್ಲ, ದುಡ್ಡು ಕಂಡಲ್ಲಿಗೆ ಓಡುತ್ತಾರೆ. ಹೀಗೆ ಹೇಳುವವರ ಮುಂದೆ ನಾವು ಇಡುವುದು ಒಂದೇ ಹೆಸರು, ಐಸಾಯಾ ಥಾಮಸ್.

ಈತ ಪಾಯಿಂಟ್ ಗಾರ್ಡ್. ವಾಲಿಬಾಲ್ ಆಡಿದವರಿಗೆ ಬೇಗ ಅರ್ಥವಾಗುತ್ತದೆ, ಅಲ್ಲಿ ಸೆಟರ್ ಇದ್ದ ಹಾಗೆ. ಚೆಂಡು ತರುವವನು, ಯಾರಿಗೆ ಯಾವಾಗ ಕೊಡಬೇಕೆಂದು ತೀರ್ಮಾನಿಸುವವನು. ಆರೂವರೆ, ಏಳು ಅಡಿಯವರ ನಡುವೆ ಈತನ ಎತ್ತರ 5 ಅಡಿ 9 ಇಂಚು. 2011ರಲ್ಲಿ ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಂಡಾಗ 60 ಹೆಸರುಗಳಲ್ಲಿ ಈತನದು 60ನೆಯದು. ಆರಿಸಿದ ಸ್ಯಾಕ್ರಮೆಂಟೊ ಮೂರು ವರ್ಷಕ್ಕೆ ಬಿಟ್ಟುಕೊಟ್ಟಿತು. ಫೀನಿಕ್ಸ್ 4 ವರ್ಷಕ್ಕೆ ಸುಮಾರು 2.7 ಕೋಟಿ ಡಾಲರ್ ಒಪ್ಪಂದ ಮಾಡಿ, ವರ್ಷ ತುಂಬುವ ಮೊದಲೇ ಬಾಸ್ಟನ್‌ಗೆ ದಾಟಿಸಿತು.

ಬಾಸ್ಟನ್‌ನಲ್ಲಿ ಈತ ಅರಳಿದ. 2016-17ರಲ್ಲಿ ಪಂದ್ಯಕ್ಕೆ ಸರಾಸರಿ 28.9 ಅಂಕ, ಇಡೀ ಲೀಗ್‌ನಲ್ಲಿ ಮೂರನೆಯವನು. ತಂಡ 53 ಪಂದ್ಯ ಗೆದ್ದು ಪೂರ್ವ ವಿಭಾಗದಲ್ಲಿ ಮೊದಲ ಸ್ಥಾನಕ್ಕೇರಿತು.

ಮುಂದಿನದನ್ನು ನಿಧಾನವಾಗಿ ಓದಿ. ಏಪ್ರಿಲ್ 15ರಂದು ಈತನ ತಂಗಿ ಕಾರು ಅಪಘಾತದಲ್ಲಿ ತೀರಿಕೊಂಡಳು. ಮರುದಿನವೇ ಪ್ಲೇಆಫ್ ಪಂದ್ಯ. ಆಡಿದ, 33 ಅಂಕ ಹೊಡೆದ. ಮುಂದಿನ ಸುತ್ತಿನಲ್ಲಿ ಪೆಟ್ಟು ಬಿದ್ದು ಹಲ್ಲು ಉದುರಿತು, ಆಸ್ಪತ್ರೆಯಲ್ಲಿ ರಿಪೇರಿ ಮಾಡಿಸಿಕೊಂಡು ಮೇ 2ರಂದು ಮತ್ತೆ ಇಳಿದ. ತಂಗಿ ಬದುಕಿದ್ದರೆ ಅಂದು 23 ತುಂಬುತ್ತಿತ್ತು. ಆ ದಿನ ಈತನ ಅಂಕ 53. ಇದರ ಜೊತೆಗೆ ಮಾರ್ಚ್‌ನಿಂದಲೇ ಸೊಂಟದ ಕೀಲು ನೋಯುತ್ತಿತ್ತು. ಇನ್ನು ಆಗುವುದಿಲ್ಲ ಎನ್ನುವವರೆಗೂ ಆಡಿದ.

ಆಗಸ್ಟ್ 22ಕ್ಕೆ ಬಾಸ್ಟನ್ ಈತನನ್ನು ಕ್ಲೀವ್‌ಲ್ಯಾಂಡ್‌ಗೆ ಕಳಿಸಿ ಕೈರಿ ಅರ್ವಿಂಗ್‌ನನ್ನು ತಂದುಕೊಂಡಿತು. ಒಪ್ಪಿಗೆ ಕೇಳುವ ಅಗತ್ಯವೇ ಇರಲಿಲ್ಲ. ಕ್ಲೀವ್‌ಲ್ಯಾಂಡ್ ಏನು ಮಾಡಿತು ಗೊತ್ತೇ? ಸೊಂಟ ಪರೀಕ್ಷಿಸಿ, ಮಾಲು ಡ್ಯಾಮೇಜ್ ಎಂಬಂತೆ ಚೌಕಾಸಿ ನಡೆಸಿ, ಭವಿಷ್ಯದಲ್ಲಿ ಒಬ್ಬ ಹೊಸ ಆಟಗಾರನನ್ನು ಆರಿಸುವ ಹಕ್ಕನ್ನು ಹೆಚ್ಚುವರಿಯಾಗಿ ಪಡೆಯಿತು. ತಂಡಕ್ಕಾಗಿ ಸವೆಸಿದ ಸೊಂಟವೇ ಈತನ ಬೆಲೆ ಇಳಿಸಿತು.

ಇದನ್ನು ‘ವ್ಯವಹಾರ’ ಎನ್ನುತ್ತಾರೆ. ಸರಿ, ಇರಲಿ. ಆದರೆ ಇದೇ ಕ್ಲೀವ್‌ಲ್ಯಾಂಡ್‌ನಿಂದ 2010ರಲ್ಲಿ ಒಪ್ಪಂದ ಮುಗಿಸಿಯೇ ಲೆಬ್ರಾನ್ ಜೇಮ್ಸ್ ಹೊರಟಾಗ ಜನ ಜೆರ್ಸಿ ಸುಟ್ಟರು, ತಂಡದ ಮಾಲೀಕರು ಬಹಿರಂಗ ಪತ್ರ ಬರೆದು ಬೈದರು. ಆಟಗಾರ ಬಿಟ್ಟರೆ ದ್ರೋಹ, ತಂಡ ಬಿಟ್ಟರೆ ವ್ಯವಹಾರ. ಈ ತಕ್ಕಡಿಯನ್ನು ನಾವು ಒಪ್ಪುವುದಿಲ್ಲ.

ಕೋಟಿಗಟ್ಟಲೆ ಎಣಿಸುವವನಿಗೆ ಮರುಕ ಏಕೆ ಎನ್ನುವಿರಿ. ನಾವು ಮರುಕ ಕೇಳುತ್ತಿಲ್ಲ, ಲೆಕ್ಕ ಕೇಳುತ್ತಿದ್ದೇವೆ. ಎಲುಬು ಯಾರದು, ಅದರ ಮೇಲೆ ನಿಂತ ಗೆಲುವು ಯಾರದು? ಕ್ಲೀವ್‌ಲ್ಯಾಂಡ್‌ನಲ್ಲಿ 15 ಪಂದ್ಯ ಆಡಿಸಿ ಲಾಸ್ ಏಂಜಲೀಸ್‌ಗೆ ಸಾಗಹಾಕಿದರು. 2018ರ ಮಾರ್ಚ್‌ನಲ್ಲಿ ಸೊಂಟದ ಶಸ್ತ್ರಚಿಕಿತ್ಸೆಯಾಯಿತು. ದೊಡ್ಡ ಒಪ್ಪಂದ ಬರಬೇಕಿದ್ದ ಆ ಬೇಸಿಗೆಯಲ್ಲಿ ಡೆನ್ವರ್ ಕೊಟ್ಟದ್ದು ಲೀಗ್‌ನ ಕನಿಷ್ಠ ಸಂಬಳ, ಒಂದೇ ವರ್ಷಕ್ಕೆ. 2021ರಲ್ಲಿ ನ್ಯೂ ಆರ್ಲಿಯನ್ಸ್ ಕರೆದದ್ದು 10 ದಿನದ ಕೆಲಸಕ್ಕೆ.