ಕೊರತೆ ಅಣಬೆಯದಲ್ಲ

ಕೊಳೆತ ಮರದಲ್ಲಿ ಹೊಸ ಆ್ಯಂಟಿಬಯೋಟಿಕ್ ಸಿಗಬಹುದಂತೆ! ಅಮೆರಿಕದ ಪತ್ರಿಕೆಗಳಲ್ಲಿ ಆಗಾಗ ಕಾಣುವ ಈ ಸುದ್ದಿ ಊರಿನ ವಾಟ್ಸಾಪ್ ಗುಂಪಿಗೂ ಬಂದು ಬೀಳುತ್ತದೆ. ಸಿಗಬಹುದು, ನಿಜ. ಈಗಾಗಲೇ ಸಿಕ್ಕಿದ್ದನ್ನು ಏನು ಮಾಡಿದೆವು ಎಂದು ಮಾತ್ರ ಯಾರೂ ಕೇಳುವುದಿಲ್ಲ.

ಹುಡುಕುವುದು ಗೂಢವಿದ್ಯೆಯೇನಲ್ಲ. ಮರವನ್ನು ತಿನ್ನುವ ಅಣಬೆಯ ಊಟ ಬಲು ನಿಧಾನ. ತಿಂಗಳುಗಟ್ಟಲೆ ಕರಗಿಸಿಕೊಂಡ ತುತ್ತನ್ನು ಬ್ಯಾಕ್ಟೀರಿಯಾ ಕಸಿಯದಂತೆ ಅನೇಕ ಅಣಬೆಗಳು ವಿಷ ಸ್ರವಿಸುತ್ತವೆ. ಅಂಥ ಅಣಬೆಯನ್ನು ಅಗರ್ ತಟ್ಟೆಯಲ್ಲಿ ಬೆಳೆಸಿ ಪಕ್ಕದಲ್ಲಿ ರೋಗದ ಬ್ಯಾಕ್ಟೀರಿಯಾ ಗೀರಿದರೆ, ನಡುವೆ ಏನೂ ಬೆಳೆಯದ ಖಾಲಿ ಪಟ್ಟಿಯೊಂದು ಉಳಿಯುತ್ತದೆ. ಆ ಪಟ್ಟಿಯೇ ಸುದ್ದಿ. ನ್ಯೂಯಾರ್ಕ್ ಬೊಟಾನಿಕಲ್ ಗಾರ್ಡನ್‌ನವರು 1940ರ ದಶಕದಲ್ಲೇ ಮರ ಕೊಳೆಸುವವೂ ಸೇರಿದಂತೆ ನೂರಾರು ಅಣಬೆಗಳನ್ನು ಪರೀಕ್ಷಿಸಿದ್ದರು. 1951ರಲ್ಲಿ ಅವರಿಗೆ ಪ್ಲೂರೋಮ್ಯುಟಿಲಿನ್ ಸಿಕ್ಕಿತು.

ಆಮೇಲೆ? ಅದರಿಂದ ಮಾಡಿದ ಔಷಧ 1970ರ ದಶಕದ ಕೊನೆಗೆ ಹಂದಿಗಳಿಗೆ ಬಂತು. ಮನುಷ್ಯರಿಗೆ 2007ರಲ್ಲಿ ಒಂದು ಮುಲಾಮು. ನ್ಯುಮೋನಿಯಾಕ್ಕೆ ಕೊಡುವ ಲೆಫಾಮ್ಯುಲಿನ್‌ಗೆ ಅಮೆರಿಕದ ಅನುಮತಿ ಸಿಕ್ಕಿದ್ದು 2019ರಲ್ಲಿ, ಅಂದರೆ 68 ವರ್ಷಗಳ ಮೇಲೆ. ಅದನ್ನು ತಂದ ಕಂಪನಿ 2023ರಲ್ಲಿ ಬಾಗಿಲು ಹಾಕುವುದಾಗಿ ಹೇಳಿತು!

ರಕ್ತದೊತ್ತಡದ ಮಾತ್ರೆ ಜೀವನಪೂರ್ತಿ ಬೇಕು. ಆ್ಯಂಟಿಬಯೋಟಿಕ್ ಒಂದು ವಾರದ್ದು. ಹೊಸದಾದರೆ, ಹಳೆಯವು ಸೋತಾಗ ಇರಲಿ ಎಂದು ವೈದ್ಯರು ಎತ್ತಿಡುತ್ತಾರೆ, ಎತ್ತಿಡಲೇಬೇಕು. ಮಾರಾಟ ಕಡಿಮೆಯಾದಷ್ಟೂ ಲೋಕಕ್ಕೆ ಒಳ್ಳೆಯದಾಗುವ ಸರಕನ್ನು ಮಾರಿಯೇ ಬದುಕು ಎಂದರೆ ಯಾರು ಬದುಕಿಯಾರು? ಇಂಗ್ಲೆಂಡಿನ ಎನ್‌ಎಚ್‌ಎಸ್ 2022ರಲ್ಲಿ ಎರಡು ಆ್ಯಂಟಿಬಯೋಟಿಕ್‌ಗಳಿಗೆ, ಎಷ್ಟು ಬಳಸಿದರೂ ವರ್ಷಕ್ಕಿಷ್ಟು ಎಂದು ಚಂದಾ ಕಟ್ಟತೊಡಗಿತು. ಅಮೆರಿಕದಲ್ಲೂ ಅದೇ ಬಗೆಯ ಪಾಸ್ಟರ್ ಮಸೂದೆ 2020ರಿಂದ ಮತ್ತೆ ಮತ್ತೆ ಮಂಡನೆಯಾಗಿದೆ. ಕೊಳೆಯುತ್ತಿರುವುದು ಮರವೊಂದೇ ಅಲ್ಲ.

ನಮ್ಮವರೂ ಕಡಿಮೆಯಿಲ್ಲ. ರಜೆಗೆ ಊರಿಗೆ ಹೋದವರು ಚಟ್ನಿಪುಡಿ, ಹಪ್ಪಳದ ಜೊತೆ ಅಜಿತ್ರೋಮೈಸಿನ್ ಮಾತ್ರೆಗಳನ್ನೂ ಸೂಟ್‌ಕೇಸಿಗೆ ತುಂಬಿಕೊಂಡು ಬರುತ್ತಾರೆ. ಇಲ್ಲಿನ ಡಾಕ್ಟರು ಬರೆದುಕೊಡುವುದಿಲ್ಲವಲ್ಲ ಎಂಬ ಸಿಟ್ಟು ಬೇರೆ. ಯಾತಕ್ಕೆ? ಶೀತಕ್ಕೆ! ಶೀತ ವೈರಸ್ಸಿನದು, ಆ ಮಾತ್ರೆಗೆ ಅದು ಜಗ್ಗುವುದಿಲ್ಲ. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ 2019ರಲ್ಲಿ ಜಗತ್ತಿನಾದ್ಯಂತ ಸುಮಾರು 12.7 ಲಕ್ಷ ಜನ ಸತ್ತರೆಂದು ಲ್ಯಾನ್ಸೆಟ್ ಅಂದಾಜು ಮಾಡಿದೆ.

ಸಂಶೋಧಕರು ಕಾಡಿಗೆ ಹೋಗುವುದು ಬೇಡ ಎನ್ನುತ್ತಿಲ್ಲ, ಖಂಡಿತ ಹೋಗಲಿ. ಆದರೆ ಅವರು ತಂದದ್ದನ್ನು ಕಾಪಾಡಲು ಹಣ ಕಟ್ಟಬೇಕಾದವರು ಸರ್ಕಾರದವರು, ಅಂದರೆ ತೆರಿಗೆ ಕೊಡುವ ನಾವು. ಇಲ್ಲಿ ಮತದ ಹಕ್ಕಿರುವ ಕನ್ನಡಿಗರು ಆ ಮಸೂದೆ ಏನಾಯಿತೆಂದು ತಮ್ಮ ಪ್ರತಿನಿಧಿಗೆ ಪತ್ರ ಬರೆದು ಕೇಳಲಿ. ಮುಂದಿನ ರಜೆಯಲ್ಲಿ ಆ ಸೂಟ್‌ಕೇಸಿಗೆ ಇನ್ನೊಂದು ಪೊಟ್ಟಣ ಹಪ್ಪಳ ಹಾಕಿಕೊಳ್ಳಲಿ.