ಒಂದು ಹಾಳೆಯ ಪತ್ರಿಕೆ

ಪುಸ್ತಕದ ಗಂಟು ಹೊತ್ತು ಮನೆ ಮನೆಗೆ ಹೋಗಿ ಮಾರಿ ಬರುತ್ತಿದ್ದ ಕಾದಂಬರಿಕಾರರೊಬ್ಬರು ನಮ್ಮ ಹಾವೇರಿ ಸೀಮೆಯಲ್ಲಿ ಇದ್ದರು. ವೆಂಕಟೇಶ ತಿರಕೊ ಕುಲಕರ್ಣಿ ಎಂದರೆ ಇಂದು ಬಹಳ ಜನಕ್ಕೆ ಗುರುತು ಹತ್ತುವುದಿಲ್ಲ. ಗಳಗನಾಥರು ಎಂದರೆ ಹಿರಿಯರು ತಲೆದೂಗುತ್ತಾರೆ. ವರದೆ ಬಂದು ತುಂಗಭದ್ರೆಯನ್ನು ಕೂಡುವ ಗಳಗನಾಥ ಎಂಬ ಊರಿನ ಹೆಸರನ್ನೇ ತಮ್ಮ ಹೆಸರು ಮಾಡಿಕೊಂಡವರು ಅವರು. 1869ರಲ್ಲಿ ಹುಟ್ಟಿ 1942ರಲ್ಲಿ ತೀರಿಕೊಂಡರು. ವೃತ್ತಿಯಿಂದ ಸಾಲಿ ಮಾಸ್ತರರು. ಕಳೆದ ಶತಮಾನದ ಮೊದಲ ದಶಕದಲ್ಲಿ ಹಾವೇರಿ ಹತ್ತಿರದ ಅಗಡಿಯ ಆನಂದವನದಿಂದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆ ಹೊರಟಾಗ ಅದನ್ನು ಬೆಳೆಸಿದವರು ಇವರೇ. ಆಗ ಈ ಭಾಗದಲ್ಲಿ ಓದು ಬಲ್ಲವರ ಕೈಯಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಮರಾಠಿ ಪುಸ್ತಕ. ಗಳಗನಾಥರು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನೇ ಕನ್ನಡಕ್ಕೆ ತಂದು, ಸ್ವಂತದ್ದನ್ನೂ ಬರೆದು, ಇಲ್ಲದ ಓದುಗರನ್ನು ಹುಟ್ಟಿಸಿಕೊಂಡರು.

ಈಗ ನಮ್ಮ ವಿದ್ಯಾರ್ಥಿಗಳ ಕಡೆ ನೋಡೋಣ. ಹತ್ತನೆಯ ಇಯತ್ತೆ ಮುಗಿಯುವ ಹೊತ್ತಿಗೆ ಒಬ್ಬ ಹುಡುಗ ಎಷ್ಟು ನೋಟುಬುಕ್ಕು ತುಂಬಿಸಿರುತ್ತಾನೋ ಲೆಕ್ಕವಿಲ್ಲ. ಅದರಲ್ಲಿ ಒಂದು ಪುಟವನ್ನಾದರೂ ಯಾರಾದರೂ ಬೇಕೆಂದು ಓದಿದ್ದಾರೆಯೆ? ಮಾಸ್ತರರು ಓದುತ್ತಾರೆ, ಅದು ಅವರ ಕೆಲಸ. ಪರೀಕ್ಷಕರು ಓದುತ್ತಾರೆ, ಅವರಿಗೆ ಅದಕ್ಕೆ ದುಡ್ಡು ಬರುತ್ತದೆ. ಬೇಸರವಾದರೆ ಹಾಳೆಯನ್ನು ಮಡಿಚಿ ಪಕ್ಕಕ್ಕಿಡುವ ಸ್ವಾತಂತ್ರ್ಯವಿರುವ ಒಬ್ಬ ಓದುಗನ ಎದುರು ನಮ್ಮ ಮಕ್ಕಳು ಒಮ್ಮೆಯೂ ನಿಂತಿರುವುದಿಲ್ಲ. ಇದಕ್ಕೆ ನನಗೆ ತಿಳಿದ ಮದ್ದು ಒಂದೇ. ತಿಂಗಳಿಗೊಂದು ಸಲ, ಒಂದೇ ಹಾಳೆಯ, ತನ್ನದೇ ಒಂದು ಪತ್ರಿಕೆ ಮಾಡುವುದು.

‘ಪತ್ರಿಕೆ’ ಎಂದೊಡನೆ ಪಾಲಕರು ಗಾಬರಿಯಾಗಬೇಕಿಲ್ಲ. ಅಚ್ಚುಮನೆ ಬೇಡ, ಕಂಪ್ಯೂಟರ್ ಬೇಡ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿ ಬಂತು. ಎಂದರೆ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕಿದ್ದಲ್ಲ, ಕೈಯಲ್ಲಿ ಬರೆದದ್ದನ್ನೇ ಕಲ್ಲಿನ ಮೇಲಿಳಿಸಿ ಪ್ರತಿ ತೆಗೆದದ್ದು. ಇಂದು ಆ ಕಲ್ಲಿನ ಕೆಲಸವನ್ನು ಬಸ್‌ಸ್ಟ್ಯಾಂಡ್ ಎದುರಿನ ಝೆರಾಕ್ಸ್ ಅಂಗಡಿ ಮಾಡಿಕೊಡುತ್ತದೆ. ಒಂದು ಹಾಳೆಯನ್ನು ನಡುವೆ ಮಡಿಚಿದರೆ ನಾಲ್ಕು ಪುಟ. ಹತ್ತು ಪ್ರತಿ ಸಾಕು. ಹುಬ್ಬಳ್ಳಿಯ ಹಾಸ್ಟೆಲಿನಲ್ಲಿರುವ ಅಣ್ಣ, ರಾಣೆಬೆನ್ನೂರಿನ ಸೋದರಮಾವ, ಬೆಂಗಳೂರಿಗೆ ದುಡಿಯಲು ಹೋದ ಕಾಕಾ, ಗಂಡನ ಮನೆ ಸೇರಿದ ಅಕ್ಕ, ಇವರೇ ಚಂದಾದಾರರು.

ನಾನು ಕಾಗಿನೆಲೆಯಿಂದ ಇಂಥದೊಂದು ಹಾಳೆಯನ್ನು ಕೆಲವು ವರ್ಷ ನಡೆಸಿದವನು. ಆದ್ದರಿಂದ ಕೇಳಿದ ಮಾತಲ್ಲ, ಕಂಡ ಮಾತು ಹೇಳುತ್ತೇನೆ. ಮೊದಲ ಸಂಚಿಕೆ ಉತ್ಸಾಹದಲ್ಲಿ ತಾನಾಗಿ ಹೊರಡುತ್ತದೆ, ಎರಡನೆಯದೂ ಹೇಗೋ ಬರುತ್ತದೆ. ಮೂರನೆಯದಕ್ಕೆ ಬರೆಯಲು ಏನೂ ಇಲ್ಲ ಎನಿಸುತ್ತದೆ. ಪತ್ರಿಕೆ ನಿಜವಾಗಿ ಶುರುವಾಗುವುದು ಅಲ್ಲಿಂದ. ‘ಒಂದನೆಯ ತಾರೀಖಿಗೆ ಬರುತ್ತದೆ’ ಎಂದು ಹತ್ತು ಜನಕ್ಕೆ ಮಾತು ಕೊಟ್ಟ ಮೇಲೆ ಕಣ್ಣು ಸುಮ್ಮನಿರುವುದಿಲ್ಲ. ಕೆರೆಯ ನೀರು ಎಷ್ಟು ಮೆಟ್ಟಿಲು ಇಳಿಯಿತು, ಸಂತೆಯಲ್ಲಿ ಏನು ಬಂತು ಎಂದು ತಾನೇ ಎಣಿಸತೊಡಗುತ್ತದೆ. ‘ಬರೆಯೋದಕ್ಕೆ ಏನೈತ್ರಿ ನಮ್ಮೂರಾಗ’ ಎನ್ನುವ ಹುಡುಗರಿಗೆ ನನ್ನ ಉತ್ತರ ಇದು: ತಾರೀಖು ಗೊತ್ತು ಮಾಡು, ಊರು ತಾನೇ ಸುದ್ದಿ ಕೊಡುತ್ತದೆ.

ಯಾವುದು ಸುದ್ದಿ ಎಂಬುದು ಮಾತ್ರ ಕಲಿಯಬೇಕಾದ ವಿಷಯ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಬೆಲೆ ಕುಸಿದಾಗ ರೈತರು ಸಿಟ್ಟಿಗೆದ್ದರು, ವಾಹನಗಳಿಗೆ ಬೆಂಕಿ ಬಿತ್ತು. ದೊಡ್ಡ ಪತ್ರಿಕೆಗಳೆಲ್ಲ ಆ ಸುದ್ದಿಯನ್ನು ಬರೆದವು. ಅದನ್ನೇ ನಕಲು ಮಾಡಿದರೆ ನಿಮ್ಮ ಅಣ್ಣ ಏಕೆ ಓದಬೇಕು? ಅವನು ಫೋನಿನಲ್ಲಿ ಅಂದೇ ನೋಡಿರುತ್ತಾನೆ. ಆದರೆ ನಿಮ್ಮ ಮನೆಯ ಕಾಯಿ ಡಬ್ಬಿಯೋ ಕಡ್ಡಿಯೋ, ಎಷ್ಟು ದಿನ ಕಣದಲ್ಲಿ ಒಣಗಿತು, ಎಷ್ಟು ಚೀಲವಾಯಿತು, ಅಪ್ಪ ಚೀಲದ ಪಕ್ಕದಲ್ಲೇ ಎಷ್ಟು ರಾತ್ರಿ ಮಲಗಿದರು, ಬಂದ ರೊಕ್ಕದಲ್ಲಿ ಗೊಬ್ಬರದ ಅಂಗಡಿಗೆ ಹೋದದ್ದೆಷ್ಟು, ಯಾವ ಖರ್ಚನ್ನು ಮುಂದಿನ ವರ್ಷಕ್ಕೆ ದೂಡಿದರು, ಇದನ್ನು ಯಾವ ದಿನಪತ್ರಿಕೆಯೂ ಬರೆಯುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು, ಖಾರ ಕಡಿಮೆ ಬಣ್ಣ ಹೆಚ್ಚು ಎಂದು ಅದಕ್ಕೆ ಹೆಸರಿರುವುದು, ಇವನ್ನು ಪರೀಕ್ಷೆಯ ಉತ್ತರದಲ್ಲಿ ಬರೆಯಬಹುದು. ಕಣದ ಲೆಕ್ಕವನ್ನು ಬರೆಯಬಲ್ಲವರು ಆ ಮನೆಯ ಮಗ ಅಥವಾ ಮಗಳು ಮಾತ್ರ.

ಇಲ್ಲಿಯೇ ಒಂದು ಕಷ್ಟವೂ ಬರುತ್ತದೆ, ಇದನ್ನು ಪಾಲಕರು ಗಮನವಿಟ್ಟು ಓದಬೇಕು. ಮನೆಯ ಸಾಲವನ್ನು ಬರೆಯಬಹುದೆ? ಅಕ್ಕನಿಗೆ ಬಂದ ಸಂಬಂಧ ಮುರಿದದ್ದನ್ನು? ಹುಡುಗ ಬರೆದುಬಿಟ್ಟ, ಅಪ್ಪ ಹಾಳೆ ಹರಿದರು ಎಂದಾದರೆ ಪತ್ರಿಕೆಯೂ ಮುಗಿಯಿತು, ಬಹುಶಃ ಬರವಣಿಗೆಯೂ ಮುಗಿಯಿತು. ನಾನು ಮಕ್ಕಳಿಗೆ ಹೇಳುವುದಿಷ್ಟು. ನಿನ್ನದನ್ನು ನೀನು ಧಾರಾಳವಾಗಿ ಬರೆ. ಇನ್ನೊಬ್ಬರದನ್ನು ಬರೆಯುವ ಮೊದಲು ಆ ಹಾಳೆಯನ್ನು ಅವರ ಕೈಗೇ ಕೊಡು. ಅವರು ಬೇಡವೆಂದರೆ ತೆಗೆ. ಆದರೆ ಆ ಜಾಗದಲ್ಲಿ ಸುಳ್ಳನ್ನು ತುಂಬಬೇಡ. ಬೆಲೆ ಬಿದ್ದ ವರ್ಷ ‘ಮನೆಯಲ್ಲಿ ಎಲ್ಲರೂ ಸುಖವಾಗಿದ್ದೇವೆ’ ಎಂದು ಬರೆದರೆ ಹಾಸ್ಟೆಲಿನ ಅಣ್ಣ ಅದನ್ನು ನಂಬುವುದಿಲ್ಲ, ಮುಂದಿನ ಸಂಚಿಕೆಯನ್ನೂ ನಂಬುವುದಿಲ್ಲ. ಪಾಲಕರೂ ತಮ್ಮ ಕಡೆಯಿಂದ ಒಂದು ಸಂಯಮ ಪಾಲಿಸಬೇಕು. ಕೆಂಪು ಶಾಯಿಯ ಪೆನ್ನು ಹಿಡಿದು ಕೂಡಬೇಡಿ. ತಿದ್ದುವುದಕ್ಕೆ ಬೇರೆ ಉಪಾಯವಿದೆ: ಅಜ್ಜಿಯ ಮುಂದೆ ಗಟ್ಟಿಯಾಗಿ ಓದಿಸಿ. ‘ಏನಂದಿ? ಇನ್ನೊಮ್ಮೆ ಹೇಳು’ ಎಂದು ಅಜ್ಜಿ ಕೇಳಿದ ಕಡೆಯಲ್ಲೆಲ್ಲ ವಾಕ್ಯ ಕೆಟ್ಟಿರುತ್ತದೆ. ಇಷ್ಟು ಒಳ್ಳೆಯ ಪರೀಕ್ಷಕರು ಯಾವ ಮಂಡಳಿಯಲ್ಲೂ ಸಿಗುವುದಿಲ್ಲ.

ಸಣ್ಣ ಪತ್ರಿಕೆಗೆ ಇನ್ನೊಂದು ಗುಣವಿದೆ. ಸಾವಿರಾರು ಪ್ರತಿಯ ಪತ್ರಿಕೆಯಲ್ಲಿ ಒಂದು ಹೆಸರು ತಪ್ಪಿದರೆ ಯಾರೋ ಒಬ್ಬರು ಗೊಣಗುತ್ತಾರೆ; ಹತ್ತು ಪ್ರತಿಯದರಲ್ಲಿ ತಪ್ಪಿದರೆ ಆ ಮನುಷ್ಯನೇ ಬಾಗಿಲಿಗೆ ಬರುತ್ತಾನೆ. ಚೀಲ ಹದಿನೆಂಟೋ ಇಪ್ಪತ್ತೋ ಎಂದು ಕೇಳಿ ಬರೆಯುವ ಚಾಳಿ ಹೀಗೆ ಬೀಳುತ್ತದೆ.

ಕಾಗಿನೆಲೆಯಲ್ಲಿ ಕೂತು ಇದನ್ನೆಲ್ಲ ಹೇಳುವಾಗ ಕನಕದಾಸರ ನೆನಪು ಬಾರದೆ ಇರುತ್ತದೆಯೆ? ಅವರು ಹುಟ್ಟಿದ್ದು ಬಾಡದಲ್ಲಿ. ತಿರುಗಿದ ಊರುಗಳು ಅನೇಕ, ಉಡುಪಿಯ ಕಥೆ ನಿಮಗೆ ಗೊತ್ತೇ ಇದೆ. ಆದರೆ ಹಾಡು ಎಲ್ಲಿ ಹುಟ್ಟಲಿ, ಕೊನೆಗೆ ಬರುವ ಅಂಕಿತ ಕಾಗಿನೆಲೆಯ ಆದಿಕೇಶವನದು. ದೇವರ ಹೆಸರಿನ ಜೊತೆಗೆ ಊರಿನ ವಿಳಾಸವೂ ಐನೂರು ವರ್ಷದಿಂದ ಕೇಳುಗರಿಗೆ ತಲುಪುತ್ತಿದೆ. ‘ರಾಮಧಾನ್ಯ ಚರಿತೆ’ಯಲ್ಲಿ ಅವರು ವಾದಕ್ಕೆ ಇಳಿಸಿದ್ದು ಮನೆಯ ಕಾಳುಗಳನ್ನೇ, ರಾಗಿ ಮತ್ತು ಭತ್ತವನ್ನು. ವಸ್ತುವಿಗಾಗಿ ದೂರ ಹೋಗಬೇಕಿಲ್ಲ ಎನ್ನುವುದಕ್ಕೆ ನಮ್ಮ ಹುಡುಗರಿಗೆ ಬೇರೆ ಸಾಕ್ಷಿ ಏಕೆ ಬೇಕು?

ಓದುಗರಿಂದ ಉತ್ತರ ಬರುತ್ತದೆಯೆ ಎಂದು ಕೇಳುತ್ತಾರೆ. ಹತ್ತರಲ್ಲಿ ಒಬ್ಬರು ಬರೆದರೆ ಪುಣ್ಯ. ಉಳಿದವರು ಊರಿಗೆ ಬಂದಾಗ ‘ಆ ಎಮ್ಮಿ ಕಥಿ ಮುಂದ ಏನಾತು?’ ಎಂದು ಕೇಳುತ್ತಾರೆ. ಗಂಟು ಹೊತ್ತು ಬಾಗಿಲಿಗೆ ಹೋದ ಗಳಗನಾಥರಿಗೂ ಇಂಥ ಪ್ರಶ್ನೆ ಸಿಕ್ಕಿರಲೇಬೇಕು ಎಂದು ನನ್ನ ಊಹೆ. 1980ರಲ್ಲಿ ಪಿ. ಲಂಕೇಶರು ಜಾಹೀರಾತಿನ ಹಂಗಿಲ್ಲದೆ ‘ಲಂಕೇಶ್ ಪತ್ರಿಕೆ’ ನಡೆಸಿದ್ದು ವಾರ ವಾರ ದುಡ್ಡು ಕೊಟ್ಟು ಕೊಂಡ ಓದುಗರನ್ನು ನೆಚ್ಚಿಕೊಂಡೇ. ಹತ್ತು ಪ್ರತಿಯ ಸಂಪಾದಕನೂ ನೆಚ್ಚಬೇಕಾದದ್ದು ಅವರನ್ನೇ.

ಕೊನೆಗೊಂದು ಮನೆಗೆಲಸದ ಮಾತು. ಇಂಗ್ಲೆಂಡಿನ ಷಾರ್ಲಟ್ ಬ್ರಾಂಟೆ 1830ರಲ್ಲಿ, 14ರ ಹುಡುಗಿಯಾಗಿದ್ದಾಗ, ಬೆಂಕಿಪೊಟ್ಟಣಕ್ಕಿಂತ ದೊಡ್ಡದಲ್ಲದ ಪತ್ರಿಕೆಗಳನ್ನು ಕೈಯಲ್ಲಿ ಬರೆದು ಹೊಲಿದಳು. ಓದುಗರು ಮನೆಯ ಆಟಿಕೆಯ ಸೈನಿಕರು! 2019ರಲ್ಲಿ ಅಂಥ ಒಂದು ಸಂಚಿಕೆಯನ್ನು ಪ್ಯಾರಿಸ್ಸಿನ ಹರಾಜಿನಲ್ಲಿ ಆರು ಲಕ್ಷ ಯೂರೋಗೆ ಕೊಂಡು, ಅವಳು ಬೆಳೆದ ಮನೆಯಲ್ಲೇ ಇರುವ ವಸ್ತುಸಂಗ್ರಹಾಲಯಕ್ಕೆ ಮರಳಿ ತಂದರು. ಅಷ್ಟು ಬೆಲೆ ನಿಮ್ಮ ಹಾಳೆಗೆ ಬರುತ್ತದೆಂದು ನಾನು ಆಸೆ ಹಚ್ಚುತ್ತಿಲ್ಲ. ಆದರೂ ಪ್ರತಿ ಸಂಚಿಕೆಯಲ್ಲಿ ಒಂದು ಪ್ರತಿಯನ್ನು ಯಾರಿಗೂ ಕೊಡದೆ, ತಾರೀಖು ಬರೆದು, ಇಲಿ ಮುಟ್ಟದ ಟ್ರಂಕಿನಲ್ಲಿ ಹಾಕಿಡಿ.