ಲೋಟ ಕೊಟ್ಟವರು ಯಾರು?

ಉಳ್ಳಾಲದ ಕಡೆ ಹದಿಹರೆಯದವರ ಕುಡಿತದ ಮಾತೆತ್ತಿದರೆ ಸಾಕು, ಸಮರ್ಥಿಸುವವರೂ ಶಪಿಸುವವರೂ ಒಟ್ಟಿಗೇ ಎದ್ದು ನಿಲ್ಲುತ್ತಾರೆ.

"ಹದಿನೆಂಟಕ್ಕೆ ಮತ ಹಾಕಬಹುದು, ಬಿಯರ್ ಯಾಕಾಗದು?" ಎನ್ನುತ್ತಾರೆ ಕೆಲವರು. 2023ರ ಜನವರಿಯಲ್ಲಿ ಸರ್ಕಾರವೂ ಮದ್ಯ ಖರೀದಿಯ ವಯಸ್ಸನ್ನು 21ರಿಂದ 18ಕ್ಕೆ ಇಳಿಸುವ ಕರಡು ಹೊರಡಿಸಿ, ಆಕ್ಷೇಪ ಬಂದ ಮೇಲೆ ಹಿಂದೆಗೆದುಕೊಂಡಿತು. ತಲಪಾಡಿ ದಾಟಿದರೆ ಕೇರಳದಲ್ಲಿ ಈ ವಯಸ್ಸು 23. ಅಲ್ಲಿಯವರೂ ಮತ ಹಾಕುವುದು 18ಕ್ಕೇ. ಮತ ಹಾಕಿ ಯಾರ ಲಿವರೂ ಕೆಟ್ಟಿದ್ದಿಲ್ಲ.

"ದೈವಕ್ಕೇ ಕೊಡುತ್ತೇವಲ್ಲ!" ಕುತ್ತಾರಿನಲ್ಲಿ ಕೊರಗಜ್ಜನಿಗೆ ವೀಳ್ಯ, ಚಕ್ಕುಲಿಯ ಜೊತೆ ಮದ್ಯವನ್ನೂ ಹರಕೆ ಒಪ್ಪಿಸುವುದು ನಿಜ. ಹರಕೆ ಅಜ್ಜನಿಗೆ, ಮೊಮ್ಮಗನಿಗಲ್ಲ.

"ನಮ್ಮ ಕಣ್ಣೆದುರೇ ರುಚಿ ನೋಡಲಿ, ಯುರೋಪಿನವರ ಹಾಗೆ ಹದದಲ್ಲಿ ಕುಡಿಯಲು ಕಲಿಯುತ್ತಾರೆ" ಎನ್ನುವ ವಾದ ಕೇಳಲು ಸಭ್ಯವಾಗಿದೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಹದಿನೈದರ ಮಕ್ಕಳಲ್ಲಿ ಶೇ. 57 ಮಂದಿ ಆಗಲೇ ಕುಡಿದು ನೋಡಿದ್ದಾರೆ; ಶೇ. 37 ಮಂದಿ ಹಿಂದಿನ ಮೂವತ್ತು ದಿನಗಳಲ್ಲೇ. ಇದ್ಯಾವ ಹದ? ನಮ್ಮಲ್ಲಿ "ಕಣ್ಣೆದುರು" ಎಂದರೆ ಏನೆಂಬುದನ್ನು ಮದುವೆಯ ಹಿಂದಿನ ರಾತ್ರಿ, ಮೆಹಂದಿಯಲ್ಲಿ ನೋಡಬೇಕು. ಎದುರುಗಡೆ ಡಿಜೆ. ಚಪ್ಪರದ ಹಿಂದೆ, ಪಾತ್ರೆ ತೊಳೆಯುವಲ್ಲಿ, ಐಸ್ ತುಂಬಿದ ಥರ್ಮಕೋಲ್ ಪೆಟ್ಟಿಗೆ. ಬಡಿಸಿ ಬೆವತು ಬಂದ ಪಿಯುಸಿ ಹುಡುಗನ ಕೈಗೆ ಮಾವನೇ ಪ್ಲಾಸ್ಟಿಕ್ ಲೋಟ ಇಡುತ್ತಾನೆ: "ಒಂಜೆಕ್ಕ್ ದಾಲಾ ಆಪುಜಿ ಮಾರಾಯಾ." ಒಂದಕ್ಕೆ ಏನೂ ಆಗುವುದಿಲ್ಲವಂತೆ. ಬೇಡವೆಂದರೆ ಸುತ್ತಲಿದ್ದವರಿಗೆಲ್ಲ ನಗೆ. 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಂತೆ ಮಗುವಿಗೆ ಮದ್ಯ ಕೊಟ್ಟವನಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಲಕ್ಷ ರೂಪಾಯಿವರೆಗೆ ದಂಡ. ಹದಿನೆಂಟು ತುಂಬದವರೆಲ್ಲ ಅಲ್ಲಿ ಮಕ್ಕಳೇ. ಶಿಕ್ಷೆ ಹುಡುಗನಿಗಲ್ಲ, ಮಾವನಿಗೆ. ಈ ಮಾತನ್ನು ಮೆಹಂದಿಯಲ್ಲಿ ಆಡಿದರೆ ಮರುದಿನದ ಊಟಕ್ಕೆ ಕರೆಯುತ್ತಾರೋ ಇಲ್ಲವೋ!

ಇನ್ನು "ನಾವೇ ನುಗ್ಗಿ ನಿಲ್ಲಿಸುತ್ತೇವೆ" ಎನ್ನುವವರು. 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಸಂಸ್ಕೃತಿಯ ಹೆಸರಿನಲ್ಲಿ ಹುಡುಗಿಯರಿಗೆ ಹೊಡೆದರು. 2022ರ ಜುಲೈಯಲ್ಲಿ ಬಲ್ಮಠದ ಪಬ್ಬೊಂದರಲ್ಲಿ ಅಪ್ರಾಪ್ತರಿದ್ದಾರೆಂದು ದೂರಿ ವಿದ್ಯಾರ್ಥಿಗಳ ಪಾರ್ಟಿ ನಿಲ್ಲಿಸಿದರು. ಹೀಗೆ ಹೆದರಿಸಿದರೆ ಹುಡುಗರು ಕುಡಿಯುವ ಜಾಗ ಬದಲಿಸುತ್ತಾರೆ, ಅಷ್ಟೆ. ಸೋಮೇಶ್ವರದಲ್ಲಿ ಯಾರ ಕಣ್ಣಿಗೂ ಬೀಳದ ಬಂಡೆ ಬೇಕಷ್ಟಿವೆ. ಅಲ್ಲಿನ ಸಮುದ್ರ ಕುಡಿಯದವರನ್ನೇ ಎಳೆದುಕೊಂಡಿದೆ. ಗೆಳೆಯ ಪ್ರಜ್ಞೆ ತಪ್ಪಿ ಬಿದ್ದಾಗ ಇಂಥ ಹೆದರಿಕೆಯಲ್ಲಿ ಯಾರು 108ಕ್ಕೆ ಫೋನ್ ಮಾಡುತ್ತಾರೆ? 21 ತುಂಬದವರಿಗೆ ಮಾರಬಾರದೆಂಬ ಷರತ್ತಿರುವುದು ಬಾರಿನವನಿಗೆ. ಅಬಕಾರಿ ಇಲಾಖೆಗೆ ಲಿಖಿತ ದೂರು ಕೊಟ್ಟು ಅವನ ಸನ್ನದನ್ನು ಪ್ರಶ್ನಿಸಲು ಗುಂಪು ಕಟ್ಟಬೇಕಾಗಿಲ್ಲ, ಒಬ್ಬರು ಸಾಕು.